ಎರಡು ಕಿಲೋ ಹೆಚ್ಚಿನ ಚಾಂಪಿಯನ್

ಮುತ್ಯಾನ ಬಲಗೈ ನಡುಬೆರಳಿನ ಗೆಣ್ಣು ಒಳಗೆ ಕುಸಿದಿದೆ. ಮುಷ್ಟಿ ಕಟ್ಟಿದರೆ ಮೂರು ಗೆಣ್ಣು ಏಳುತ್ತವೆ, ನಾಲ್ಕನೆಯದರ ಜಾಗದಲ್ಲಿ ಸಣ್ಣ ಗುಳಿ. ಒಂದು ಕಡಲೆಕಾಳು ಅಲ್ಲಿ ಉರುಳದೆ ನಿಲ್ಲುತ್ತದೆ. ಚಿಕ್ಕವಳಿದ್ದಾಗ ಇಟ್ಟು ನೋಡಿದ್ದೇನೆ.

ಮುತ್ಯಾ ನನ್ನ ತಾಯಿಯ ತಂದೆ. ನಮ್ಮ ಭಾಗದಿಂದ ಹೋಗಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆದವರಲ್ಲಿ ಮೊದಲಿಗ. ಹರೆಯದಲ್ಲಿ ನಾರಾಯಣಖೇಡದ ಒಂದು ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಹೊರುತ್ತಿದ್ದ. ಸೈನ್ಯದಿಂದ ನಿವೃತ್ತರಾಗಿ ಬಂದ ಹವಾಲ್ದಾರರೊಬ್ಬರು ಅವನ ಹೆಗಲು ನೋಡಿ ಗುದ್ದುವುದನ್ನು ಕಲಿಸಿದರು. ಊರಿನಲ್ಲಿದ್ದದ್ದು ಒಂದೇ ಜೊತೆ ಗ್ಲೌಸು. ಎಡಗೈಯದನ್ನು ಗುರು, ಬಲಗೈಯದನ್ನು ಶಿಷ್ಯ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರಂತೆ. ಗುದ್ದಲು ತೂಗುಹಾಕಿದ ಚೀಲದಲ್ಲಿ ತೊಗರಿ ಹೊಟ್ಟು. ಒಂದೊಂದು ಪೆಟ್ಟಿಗೂ ಧೂಳು ಏಳುತ್ತಿತ್ತು. ‘ನಾ ಬಾಕ್ಸಿಂಗ್ ಕಲ್ತಿದ್ದು ಸೀನಕೋತ’ ಎನ್ನುತ್ತಾನೆ ಮುತ್ಯಾ.

ಹೈದರಾಬಾದಿನಲ್ಲಿ ಸತತ ಮೂರು ವರ್ಷ ಗೆದ್ದ. ನಾಲ್ಕನೆಯ ವರ್ಷ ಗೋಡೆಯಂಥ ಪೊಲೀಸಿನವನೊಬ್ಬನಿಗೆ ಸೋತು, ಜಹೀರಾಬಾದಿನ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾದ. ಈ ವರ್ಷ ಅದೇ ಶಾಲೆಯವರು ಹುಡುಗಿಯರಿಗಾಗಿ ಬಾಕ್ಸಿಂಗ್ ಕೋಣೆ ಕಟ್ಟಿಸಿದರು. ಉದ್ಘಾಟನೆಗೆ ಮುತ್ಯಾನನ್ನು ಕರೆದರು. ಅವನ ಜೀವನವನ್ನು ಎರಡು ಪುಟದಲ್ಲಿ ಬರೆದುಕೊಡಲು ನನಗೆ ಹೇಳಿದರು.

ಮುತ್ಯಾ ಒಂದು ಷರತ್ತು ಹಾಕಿದ. ತಾಂಡೂರಿನಿಂದ ಒಬ್ಬರು ಬರಬೇಕು. ಅವರು ಬರದಿದ್ದರೆ ತಾನೂ ಬರುವುದಿಲ್ಲ.

ಆ ಒಬ್ಬರ ಕಥೆ ನನಗೆ ಗೊತ್ತಿತ್ತು. ಮುತ್ಯಾ ಮೊದಲ ವರ್ಷ ಹೈದರಾಬಾದಿಗೆ ಹೋದದ್ದು ಹೆವಿವೇಟಿಗಾಗಿ ಅಲ್ಲ, ಅದರ ಕೆಳಗಿನ ಗುಂಪಿಗಾಗಿ. ಅಲ್ಲಿ ಎಂಬತ್ತೊಂದು ಕಿಲೋ ಮೀರುವಂತಿಲ್ಲ. ತಾಂಡೂರಿನ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಇವರೂ ಅದೇ ಗುಂಪಿನವರು. ಮುತ್ಯಾನ ಗುದ್ದಿನ ಸುದ್ದಿ ಕೇಳಿ, ಅವನನ್ನು ಸೋಲಿಸಲೆಂದೇ ಒಂದು ವರ್ಷ ತಯಾರಾಗಿದ್ದರು. ಹೊರಡುವ ಹಿಂದಿನ ದಿನ ಮುತ್ಯಾ ಅಂಗಡಿಯ ಕಾಂಟಾದ ಮೇಲೆ ನಿಂತು ತೂಗಿಸಿಕೊಂಡಿದ್ದ. ಅಲ್ಲಿಯ ತೂಕದವನು ಸರಿಯಾಗಿ ಎಂಬತ್ತು ಎಂದು ಕೂಗಿದ್ದ. ಹೈದರಾಬಾದಿನಲ್ಲಿ ನಿಂತರೆ ಎಂಬತ್ತೆರಡು. ಬಸ್ಸು ತಡವಾಗಿ ಮುಟ್ಟಿದ್ದರಿಂದ ಓಡಿ ಬೆವರಿಳಿಸಲು ಹೊತ್ತಿರಲಿಲ್ಲ. ಮೇಲಿನ ಗುಂಪಿಗೆ ಹಾಕಿದರು. ಅಲ್ಲಿ ತನಗಿಂತ ಒಂದೂವರೆ ಪಟ್ಟು ದಪ್ಪ ಇದ್ದವರ ಸುತ್ತ ಕುಣಿದು ಕುಣಿದು ಗೆದ್ದುಬಿಟ್ಟ.

ತಾಂಡೂರಿನವರೂ ತಮ್ಮ ಗುಂಪಿನಲ್ಲಿ ಗೆದ್ದರು. ಆದರೆ ಮುತ್ಯಾ ತಮಗೆ ಹೆದರಿ, ಬೇಕೆಂದೇ ಕೊಡ ನೀರು ಕುಡಿದು ತೂಕ ಏರಿಸಿಕೊಂಡನೆಂದು ನಂಬಿದರು. ತಾಂಡೂರು ಸ್ಟೇಷನ್ನಿನಲ್ಲಿ ಹತ್ತು ಜನರೆದುರು ‘ನೀರ್ ಪೈಲ್ವಾನ’ ಎಂದು ಕರೆದರು. ಆ ಹೆಸರು ನಿಂತಿತು. ಆಮೇಲೆ ಅವರು ರಿಂಗಿಗೆ ಇಳಿಯಲೇ ಇಲ್ಲ. ಇಬ್ಬರೂ ಮಾತಾಡದೆ ಐವತ್ತು ವರ್ಷದ ಮೇಲಾಯಿತು.

ಶಾಲೆಯವರು ಫೋನ್ ಮಾಡಿದಾಗ ಅವರು, ಓಡಿಹೋದವನ ಸಮಾರಂಭದಲ್ಲಿ ತಮಗೇನು ಕೆಲಸ ಎಂದರಂತೆ. ಇದನ್ನು ಕೇಳಿ ಮುತ್ಯಾ ಪ್ಯಾಂಟಿನ ಇಸ್ತ್ರಿ ನಿಲ್ಲಿಸಿದ.

‘ನಾ ನೀರ ಕುಡಿದಿಲ್ಲ ಮಗಳ. ಆದ್ರ ಆ ಎರಡು ಕಿಲೋ ಎಲ್ಲಿಂದ ಬಂತು ಅಂತ ನನಗೂ ಗೊತ್ತಿಲ್ಲ. ಏನಂತ ಹೇಳಲಿ ಆತಗ?’

ಸಮಾರಂಭಕ್ಕೆ ಎರಡು ದಿನ ಮೊದಲು ನಾನು ನಾರಾಯಣಖೇಡಕ್ಕೆ ಹೋದೆ. ಅವನು ಚೀಲ ಹೊತ್ತ ಜಾಗವನ್ನು ನೋಡದೆ ಅದರ ಬಗ್ಗೆ ಬರೆಯುವುದು ನನಗೆ ಸರಿ ಅನ್ನಿಸಿರಲಿಲ್ಲ. ಅಂಗಡಿ ಈಗ ಹಳೆಯ ಮಾಲೀಕನ ಮಗನ ಕೈಯಲ್ಲಿದೆ. ಕಬ್ಬಿಣದ ಕಾಂಟಾ ಹೋಗಿ ಕರೆಂಟಿನದು ಬಂದಿದೆ. ತೂಕದವನು ಮಾತ್ರ ಹಳೆಯ ತೂಕದವನ ಮಗ. ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಕೆಂಪು ಅಂಕಿ ಐವತ್ಮೂರು ತೋರಿಸಿದರೆ ಅವನು ‘ಐವತ್ತೊಂದು’ ಎಂದು ಕೂಗುತ್ತಿದ್ದ. ಐವತ್ತೆರಡಿದ್ದರೆ ‘ಐವತ್ತು’. ಯಾಕೆಂದು ಕೇಳಿದೆ. ಚೀಲದ್ದು, ಧೂಳಿನದು ಎಂದು ಎರಡು ಕಿಲೋ ತರುಗು, ಅಂದರೆ ಕಡಿತ, ತೆಗೆದೇ ಕೂಗುವುದು ಇಲ್ಲಿಯ ರೂಢಿ, ತನ್ನ ಅಪ್ಪನ ಕಾಲದಿಂದಲೂ ಇದೇ ಎಂದ.

ನನಗೆ ಒಂದು ಅನುಮಾನ ಬಂತು. ಚಪ್ಪಲಿ ಬಿಚ್ಚಿ ಕಾಂಟಾ ಹತ್ತಿದೆ. ಅವನು ಅಂಕಿ ನೋಡಿ ಹಮಾಲರೆಲ್ಲ ಕೇಳುವಂತೆ ನನ್ನ ತೂಕ ಕೂಗಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಂಕಿಗಿಂತ ಎರಡು ಕಡಿಮೆ ಇತ್ತೆಂದಷ್ಟೇ ಹೇಳುತ್ತೇನೆ.

‘ನನ್ನ ಚೀಲ ಎಲ್ಲದರಿ?’ ಎಂದೆ.

ಅವನು ನನ್ನನ್ನು ನೋಡಿದ, ಕಾಂಟಾ ನೋಡಿದ. ‘ತಪ್ಪಾತ್ರಿ ಅಕ್ಕ. ಬಾಯಿ ಹಂಗ ಕೂತದ.’

ಹಮಾಲರಲ್ಲಿ ಒಬ್ಬ, ನಾಳೆ ತನ್ನ ಹೆಂಡತಿಯನ್ನು ಕರೆತರುತ್ತೇನೆ, ಮನೆಯ ಕಾಂಟಾದ ಮೇಲೆ ಅವಳಿಗೆ ಬಹಳ ಸಿಟ್ಟಿದೆ ಎಂದ.

ಸಂಜೆ ಮನೆಯಲ್ಲಿ ಮುತ್ಯಾನಿಗೆ ಹೇಳಿದೆ. ತರುಗಿನ ವಿಷಯ ಅವನಿಗೆ ಗೊತ್ತಿಲ್ಲದ್ದೇನಲ್ಲ. ಸಾವಿರಾರು ಚೀಲ ಹೊತ್ತಿದ್ದಾನೆ. ಮನುಷ್ಯನಿಗೂ ಅದನ್ನು ತೆಗೆದಾರೆಂದು ಹೊಳೆದಿರಲಿಲ್ಲ, ಅಷ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ, ‘ಇದು ಆತಗ ಫೋನಿನ್ಯಾಗ ಹೇಳಬ್ಯಾಡ’ ಎಂದ.

ಮರುದಿನ ತಾಂಡೂರಿಗೆ ಹೋದೆ. ಅವರದು ಈಗ ಸ್ವಂತ ಪಾಲಿಷ್ ಕಾರ್ಖಾನೆ. ಅಂಗಳದ ತುಂಬ ಕಲ್ಲುಬಂಡೆ, ಅದರ ಹುಡಿ ಕುರ್ಚಿಯ ಮೇಲೂ ಅವರ ಹುಬ್ಬಿನ ಮೇಲೂ. ಯಾರ ಮೊಮ್ಮಗಳೆಂದು ತಿಳಿದ ಕೂಡಲೇ, ಕೊಡ ತುಂಬ ನೀರು ತರಿಸಲೋ ಎಂದು ಕೇಳಿದರು. ಒಂದು ಲೋಟ ಸಾಕು ಎಂದೆ.

ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನಾನೂ ಹತ್ತಿ ನಿಂತದ್ದನ್ನೂ ಬಿಡಲಿಲ್ಲ. ಅವರು ಕಲ್ಲು ಉಜ್ಜುವ ಯಂತ್ರವನ್ನು ಕೈಸನ್ನೆಯಿಂದ ನಿಲ್ಲಿಸಿದರು.

‘ಎಷ್ಟು ತೆಗೀತಾರಂದಿ?’

‘ಎರಡು ಕಿಲೋರಿ.’

‘ಎಂಬತ್ತಕ್ಕ ಎರಡು’ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡರು. ‘ಅಂದ್ರ ನಾ ಇಷ್ಟು ವರ್ಷ ಖಾಲಿ ಚೀಲದ ಮ್ಯಾಲ ಸಿಟ್ಟು ಮಾಡೀನಿ.’

ಟವೆಲನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

‘ಈಗ ಎಷ್ಟದಾನ ನಿಮ್ಮ ಮುತ್ಯಾ?’

ದವಾಖಾನೆಯ ಕಾಂಟಾದಲ್ಲಿ ಅರವತ್ತೆಂಟು ಎಂದೆ. ಯಾವ ಕಾಂಟಾ ಎಂಬುದನ್ನು ಬೇಕೆಂದೇ ಸೇರಿಸಿದ್ದೆ.

‘ನಾ ಎಪ್ಪತ್ತು. ಒಂದ ಗುಂಪಿನ್ಯಾಗ ಬಂದೀವಿ ನೋಡು. ಹೇಳು ಅವಗ, ಈ ಸಲ ಓಡಾಕ ಜಾಗ ಇಲ್ಲ ಅಂತ. ನಾಳೆ ಮೊದಲನೇ ಬಸ್ಸಿಗಿ ಬರತೀನಿ.’

ಜಹೀರಾಬಾದಿಗೆ ವಾಪಸಾದಾಗ ಮುತ್ಯಾ ಬಾಗಿಲಲ್ಲೇ ಕೂತಿದ್ದ. ಮಾತನ್ನು ಹಾಗೆಯೇ ಒಪ್ಪಿಸಿದೆ. ಅವನು ಎದ್ದು ಒಳಗೆ ಹೋಗಿ, ನಿಲ್ಲಿಸಿದ್ದ ಪ್ಯಾಂಟಿನ ಇಸ್ತ್ರಿಯನ್ನು ಮುಗಿಸಿದ.

ಮರುದಿನ ಬೆಳಿಗ್ಗೆ ಅವನನ್ನು ಕರೆದುಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ತಾಂಡೂರಿನ ಬಸ್ಸು ಇಪ್ಪತ್ತು ನಿಮಿಷ ತಡ. ಅವರು ಹಿಂಬಾಗಿಲಿನಿಂದ ನಿಧಾನವಾಗಿ ಇಳಿದರು. ಇಬ್ಬರೂ ಎರಡು ಮಾರು ದೂರದಲ್ಲಿ ನಿಂತು ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು. ಮೊದಲು ಮುತ್ಯಾ ಮುಷ್ಟಿ ಎತ್ತಿದ, ಆಮೇಲೆ ಅವರು. ಮುಷ್ಟಿಗೆ ಮುಷ್ಟಿ ತಾಗಿಸಿದರು, ರಿಂಗಿನಲ್ಲಿ ಗಂಟೆ ಹೊಡೆಯುವ ಮೊದಲು ಮಾಡುವ ಹಾಗೆ. ನಾನು ಕ್ಯಾಂಟೀನಿನಲ್ಲಿ ಮೂರು ಚಹಾ ಹೇಳಿ, ಎರಡನ್ನು ಅವರ ಮುಂದೆ ಇಟ್ಟು, ನನ್ನದನ್ನು ಆಚೆಯ ಬೆಂಚಿಗೆ ಒಯ್ದು ಕುಡಿದೆ.