ಲಾಯದ ಹತ್ತಿರದ ಕಾಲೇಜು

ಯಾವ ಕಾಲೇಜು ಎಂದು ಕೇಳುವುದು ನಮ್ಮವರಿಗೆ ಊಟ ಆಯ್ತಾ ಎಂದು ಕೇಳಿದಷ್ಟೇ ಸಹಜ. ಓದು ಮುಗಿಸಿ ತಲೆ ನರೆತವರನ್ನೂ ಬಿಡುವುದಿಲ್ಲ. ತುಮಕೂರಿನ ಸಾಧಾರಣ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮಾಡಿದ ನಾನು, ಆ ಪ್ರಶ್ನೆ ಬಂದಾಗಲೆಲ್ಲ ಊರಿನ ಹೆಸರು ಹೇಳಿ ಮಾತು ತೇಲಿಸುತ್ತಿದ್ದೆ. ಹಾಗಾಗಿ ಗೋಥೆನ್‌ಬರ್ಗ್‌ಗೆ ಬಂದ ಮೇಲೆ ನರ್ಸಿಂಗ್ ಓದಲು ಹೊರಟಾಗ, ಈ ಸಲವಾದರೂ ತಲೆ ಎತ್ತಿ ಹೇಳುವಂಥ ಕಾಲೇಜು ಬೇಕೆಂಬ ಹಟ ಹಿಡಿದೆ. ಆ ಹಟವನ್ನು ಯಾರೂ ನನ್ನ ತಲೆಗೆ ತುಂಬಿದ್ದಲ್ಲ, ಪೂರ್ತಿ ಸ್ವಂತದ್ದು.

ಗಂಡ ಅಲ್ಲಿನ ಲಿಂಡ್‌ಹೋಲ್ಮೆನ್ ಬಡಾವಣೆಯಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಅವರ ವರ್ಕ್ ಪರ್ಮಿಟ್ಟಿನ ಬಾಲ ಹಿಡಿದು ಬಂದವಳು ನಾನು. ಇಲ್ಲಿನ ಸ್ವೀಡಿಷ್ ಭಾಷೆ ಕಲಿತು, ಒಂದು ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿ ಸೇರಿದೆ. ಸ್ನಾನ ಮಾಡಿಸುವುದು, ತಲೆ ಬಾಚುವುದು, ಊಟ ಮಾಡಿಸುವುದು ನನ್ನ ಕೆಲಸ. ಅಲ್ಲಿ ಒಬ್ಬ ಹಿರಿಯ ನರ್ಸ್ ಇದ್ದರು. ಗಾಬರಿಯಿಂದ ಕೂಗಾಡುವ ಅಜ್ಜಂದಿರು ಕೂಡ ಅವರು ಬಂದು ಮಂಚದ ಅಂಚಿಗೆ ಕೂತರೆ ಸುಮ್ಮನಾಗುತ್ತಿದ್ದರು. ಅವರನ್ನು ನೋಡಿ ನೋಡಿಯೇ ನನಗೆ ನರ್ಸ್ ಆಗುವ ಆಸೆ ಹುಟ್ಟಿತು.

ಮೊದಲೇ ಡಿಗ್ರಿ ಇದ್ದವರಿಗೆಂದು ಅವಸರದ ನರ್ಸಿಂಗ್ ಕೋರ್ಸುಗಳಿದ್ದವು. ಬೇಸಿಗೆ ರಜೆಯನ್ನೂ ನುಂಗಿ, ಮೂರು ವರ್ಷದ ಓದನ್ನು ಎರಡಕ್ಕೆ ಇಳಿಸುವಂಥವು. ನನ್ನ ಮುಂದೆ ಇದ್ದದ್ದು ಎರಡು. ಒಂದು ಸ್ಟಾಕ್‌ಹೋಮಿನದು. ಅದರ ಹೆಸರು ಹೇಳಿದರೆ ಬೆಂಗಳೂರಿನ ಡಾಕ್ಟರುಗಳೂ ಹುಬ್ಬೇರಿಸುತ್ತಾರೆ. ಇನ್ನೊಂದು ನಮ್ಮ ಮನೆಯಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಪುಟ್ಟ ಊರಿನದು. ಅಲ್ಲೊಂದು ಕಾಲೇಜಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಎರಡರಲ್ಲೂ ನನಗೆ ಫೀ ಇರಲಿಲ್ಲ. ಆದರೆ ಸ್ಟಾಕ್‌ಹೋಮಿನಲ್ಲಿ ರೂಮು ಹಿಡಿಯಬೇಕು, ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ನನ್ನ ಸಂಬಳವೂ ನಿಲ್ಲುತ್ತದೆ. ಸೋಮವಾರ ಹೋದರೆ ಶುಕ್ರವಾರ ರಾತ್ರಿಯೇ ಮನೆ. ಮಗಳಿಗೆ ಆಗ ಆರು ವರ್ಷ.

ಎರಡಕ್ಕೂ ಅರ್ಜಿ ಒಂದೇ. ಅದರಲ್ಲಿ ಮೊದಲು ಹಾಕಿದ ಕಾಲೇಜಿನಲ್ಲಿ ಸೀಟು ಸಿಕ್ಕರೆ ಎರಡನೆಯದು ತಾನಾಗಿಯೇ ಬಿದ್ದುಹೋಗುತ್ತದೆ. ಯಾವುದು ಮೊದಲು ಎಂಬುದನ್ನು ಏಪ್ರಿಲ್ ಮಧ್ಯದೊಳಗೆ ತೀರ್ಮಾನಿಸಬೇಕಿತ್ತು.

"ನಿಂಗೆ ಯಾವ್ದು ಇಷ್ಟಾನೋ ಅದ್ನೇ ಮಾಡು. ಮನೆ ನಾನು ಮ್ಯಾನೇಜ್ ಮಾಡ್ತೀನಿ" ಎಂದರು ಗಂಡ.

ಈ ಮಾತಿಗೆ ನನಗೆ ಮೈ ಉರಿಯುತ್ತಿತ್ತು. ಬೇಡ ಎಂದಿದ್ದರೆ ಜಗಳವಾಡಿ ಹೋಗಬಹುದಿತ್ತು. ಒಗ್ಗರಣೆಗೆ ಸಾಸಿವೆ ಮೊದಲೋ ಕರಿಬೇವು ಮೊದಲೋ ತಿಳಿಯದ ಮನುಷ್ಯ ಮ್ಯಾನೇಜ್ ಮಾಡುತ್ತಾರಂತೆ!

"ಅವಳ ಜಡೆ ಯಾರ್ರೀ ಹಾಕೋದು?"

"ಕಲೀತೀನಿ ಬಿಡು."

ಮಾರನೆಯ ದಿನ ನೋಡುತ್ತೇನೆ, ಊಟದ ಮೇಜಿನ ಮೇಲೆ ಮೂರು ಚಾರ್ಜರ್ ವೈರುಗಳನ್ನು ಹರವಿಕೊಂಡು, ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಜಡೆ ಹೆಣೆಯುತ್ತಿದ್ದಾರೆ. ಅಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಂಡಿರಲು ಸಾಧ್ಯ? ಆದರೂ ಒಂದಷ್ಟು ಹೊತ್ತು ಮಾಡಿಕೊಂಡೆ.

ಆಗ ಅತ್ತೆ ತುಮಕೂರಿನಿಂದ ಬಂದು ನಮ್ಮ ಜೊತೆ ಇದ್ದರು. ಯುಗಾದಿಯ ವಾರ ಇಲ್ಲಿನ ಕನ್ನಡದವರೆಲ್ಲ ಸೇರಿ ಹಬ್ಬ ಮಾಡಿದೆವು, ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ. ಹೋಳಿಗೆಯ ಸಾಲಿನಲ್ಲಿ ನಿಂತಿದ್ದ ಅತ್ತೆಯನ್ನು ಯಾರೋ "ನಿಮ್ಮ ಸೊಸೆ ಏನ್ಮಾಡ್ತಿದಾರೆ?" ಎಂದು ಕೇಳಿದ್ದಾರೆ. ಅತ್ತೆ ಸ್ಟಾಕ್‌ಹೋಮಿನ ಆ ಕಾಲೇಜಿನ ಹೆಸರು ಹೇಳಿದ್ದಾರೆ. ಓದಬೇಕು ಅಂತಿದಾಳೆ ಎಂದು ಹೊರಟ ಮಾತು ಸಾಲಿನ ಕೊನೆ ತಲುಪುವಷ್ಟರಲ್ಲಿ ಸೀಟು ಸಿಕ್ಕಿದೆ ಎಂದಾಗಿತ್ತು. ನಾನು ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿದ್ದೆ, ಮೈಕಿನಲ್ಲಿ ನನಗೆ ಅಭಿನಂದನೆ ಕೇಳಿಸಿತು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಇನ್ನೂ ಅರ್ಜಿಯನ್ನೇ ಹಾಕದವಳು ನಾನು, ತುಪ್ಪದ ಮಿಳ್ಳೆ ಹಿಡಿದುಕೊಂಡು ಕೈ ಮುಗಿದೆ.

ನಿಜ ಹೇಳುತ್ತೇನೆ, ಆ ಚಪ್ಪಾಳೆ ಬಹಳ ಹಿತವಾಗಿತ್ತು. ಅಲ್ಲಿಯವರೆಗೆ ಆ ಹಾಲ್‌ನಲ್ಲಿ ನಾನು ಇಂಥವರ ಹೆಂಡತಿ, ಇಂಥವಳ ಅಮ್ಮ. ಮೊದಲ ಸಲ ನನ್ನದೇ ಕಾರಣಕ್ಕೆ ಜನ ತಿರುಗಿ ನೋಡಿದ್ದರು. ಮನೆಗೆ ಬಂದ ಮೇಲೆ ಅತ್ತೆಯ ಮೇಲೆ ಸಿಡುಕಿದೆನಾದರೂ, ಸ್ಟಾಕ್‌ಹೋಮನ್ನೇ ಮೊದಲು ಹಾಕುವುದೆಂದು ಒಳಗೊಳಗೇ ನಿರ್ಧರಿಸಿಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಮಗಳ ತಲೆ ಬಾಚುತ್ತಾ, ಅಮ್ಮ ವಾರವೆಲ್ಲ ಬೇರೆ ಊರಿನಲ್ಲಿ ಓದಿ ಶನಿವಾರ ಭಾನುವಾರ ಮನೆಯಲ್ಲಿರುತ್ತಾಳೆ ಎಂದು ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಸ್ವೀಡಿಷ್‌ನಲ್ಲಿ ಕೇಳಿದಳು: ಹಾಗಾದರೆ ನಾನೂ ವಾರ ಬಿಟ್ಟು ವಾರದ ಮಗುವಾ?

ಇಲ್ಲಿ ಅಪ್ಪ ಅಮ್ಮ ಬೇರೆಯಾದ ಮಕ್ಕಳು ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆಯಲ್ಲಿರುವುದು ರೂಢಿ. ಅವಳ ತರಗತಿಯಲ್ಲಿ ಅಂಥವರು ಹಲವರಿದ್ದರು. ಅವಳಿಗೆ ಅದರಲ್ಲಿ ದುಃಖದ ಸಂಗತಿ ಏನೂ ಕಾಣಲಿಲ್ಲ. ತನಗೂ ಎರಡು ಮಂಚ ಸಿಗುತ್ತದಾ ಎಂದಷ್ಟೇ ಅವಳ ಕುತೂಹಲ. ನಾನು ಅರ್ಧ ಹೆಣೆದ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಬಾಚಿದೆ.

ಸೋಮವಾರ ಕೆಲಸದಲ್ಲಿ ಎಲ್ಲರೂ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಕೂತಾಗ, ಕಾಫಿ ಕುಡಿಯುತ್ತಿದ್ದ ಆ ಹಿರಿಯ ನರ್ಸನ್ನು ಕೇಳಿಯೇಬಿಟ್ಟೆ, ನೀವು ಓದಿದ್ದು ಯಾವ ಕಾಲೇಜು ಎಂದು. ಸ್ಟಾಕ್‌ಹೋಮ್ ಎಂದುಬಿಡಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಜೊತೆಯಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರಿಗೂ ಅದು ಗೊತ್ತಿರಲಿಲ್ಲ, ಯಾರೂ ಕೇಳಿಯೇ ಇರಲಿಲ್ಲವಂತೆ. ಅವರು ಯಾವುದೋ ಊರಿನ ಹೆಸರು ಹೇಳಿದರು. ನಾನೆಂದೂ ಹೆಸರು ಕೇಳಿರದ ಊರು.

"ಅದನ್ನೇ ಯಾಕೆ ಆರಿಸಿಕೊಂಡಿರಿ?"

"ಆಗ ನನ್ನ ಹತ್ತಿರ ಒಂದು ಕುದುರೆ ಇತ್ತು" ಎಂದರು. "ಕಾಲೇಜು ಲಾಯದ ಹತ್ತಿರವೇ ಇತ್ತು. ಕುದುರೆಗೆ ದಿನಾ ಸಂಜೆ ನಾನೇ ಬೇಕಿತ್ತಲ್ಲ."

ಇದರಲ್ಲಿ ವಿವರಿಸುವುದೇನಿದೆ ಎಂಬಂತೆ ಇನ್ನೊಂದು ಬನ್ನು ಎತ್ತಿಕೊಂಡರು.

ಸಂಜೆ ಮನೆಯಲ್ಲಿ ಈ ಕಥೆ ಹೇಳಿದೆ. ಗಂಡ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು. ಮಗಳು ಕುದುರೆ ಎಂಬ ಶಬ್ದ ಕೇಳಿ ಓಡಿ ಬಂದಳು.

"ಅಮ್ಮನ್ ಕುದುರೆ ಎಲ್ಲಿ?"

"ನೋಡು, ಇಲ್ಲೇ ಕುಣೀತಾ ಇದೆ" ಎಂದು ಅತ್ತೆ ಅವಳ ಬೆನ್ನಿಗೊಂದು ಮೆಲ್ಲಗೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು. "ಹೋಗ್ತೀಯಾ ಅಂದ್ರೆ ನಾನು ಬೇಡ ಅನ್ನಲ್ಲ ಕಣಮ್ಮ. ನಾನು ಆ ಹೆಸರು ಹೇಳ್ಬಿಟ್ಟೆ ಅಂತ ಮಾತ್ರ ಹೋಗ್ಬೇಡ."

ನನಗೆ ಅಳು ಬಂತು. ಎದ್ದು ಹೋಗಿ ಅಕ್ಕಿ ತೊಳೆದೆ. ಅಕ್ಕಿ ಆಗಲೇ ಕುಕ್ಕರಿನಲ್ಲಿ ಬೇಯುತ್ತಿತ್ತು, ನಾನು ತೊಳೆದದ್ದು ಮಾರನೆಯ ದಿನ ದೋಸೆಗಾಯಿತು. ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು ಪುಟ್ಟ ಊರಿನ ಕಾಲೇಜನ್ನೇ ಮೊದಲು ಹಾಕಿದೆ.

"ನೀವು ಮೈಕಲ್ಲಿ ಹೇಳ್ಸಿದ್ದನ್ನ ಈಗ ಯಾರು ಸರಿಮಾಡ್ತಾರೆ ಅತ್ತೆ?" ಎಂದೆ.

"ನಾನೇ ಮಾಡ್ತೀನಿ ತಾಳು" ಎಂದು ಅತ್ತೆ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ಪಕ್ಕದ ಕೋಣೆಯಿಂದ ನನಗೆ ಕೇಳಿಸುತ್ತಿತ್ತು: "ಸ್ಟಾಕ್‌ಹೋಮ್‌ನೋರು ಬಾ ಬಾ ಅಂತಾನೇ ಇದ್ರು ಕಣ್ರೀ. ನಮ್ ಸೊಸೇನೇ ಒಪ್ಲಿಲ್ಲ." ಸರಿಮಾಡುವುದೆಂದರೆ ಅವರ ಪ್ರಕಾರ ಇದು.

ಆಸೆ ಅಲ್ಲಿಗೇ ಸತ್ತುಹೋಯಿತು ಎಂದರೆ ಸುಳ್ಳಾಗುತ್ತದೆ. ಒಮ್ಮೆ ಸ್ಟಾಕ್‌ಹೋಮಿಗೆ ಹೋದಾಗ ಬಸ್ಸು ಆ ಕಾಲೇಜಿನ ಮುಂದೆ ಹಾದಿತು. ಗಾಜಿನ ಕಟ್ಟಡ ಕಣ್ಮರೆಯಾಗುವ ತನಕ ನೋಡಿದೆ. ಹೊಟ್ಟೆ ಉರಿಯಿತು. ಪುಟ್ಟ ಊರಿನ ಕಾಲೇಜಿನಲ್ಲಿ ಓದೇನೂ ಸುಲಭವಿರಲಿಲ್ಲ. ರೈಲಿನಲ್ಲೇ ಓದಿ, ರೈಲಿನಲ್ಲೇ ತೂಕಡಿಸಿ, ನಿಲ್ದಾಣ ತಪ್ಪಿಸಿಕೊಂಡದ್ದೂ ಉಂಟು. ಪರೀಕ್ಷೆಯ ದಿನಗಳಲ್ಲಿ ಮಗಳ ಜಡೆ ಗಂಡನ ಪಾಲಿಗೆ ಬರುತ್ತಿತ್ತು. ಥೇಟ್ ಚಾರ್ಜರ್ ವೈರಿನ ಹಾಗೇ ಇರುತ್ತಿತ್ತು. ಆದರೆ ಎಷ್ಟೇ ತಡವಾದರೂ ದಿನಾ ಸಂಜೆ ನಾನು ಮನೆಯಲ್ಲಿರುತ್ತಿದ್ದೆ.

ನಾನು ನರ್ಸ್ ಆದ ಮೇಲಿನ ಯುಗಾದಿ. ಅದೇ ಹಾಲ್, ಅದೇ ಹೋಳಿಗೆಯ ಸಾಲು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಒಬ್ಬರು ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಮುಂದಿನ ಪ್ರಶ್ನೆ ಬಂದೇ ಬಂತು.

"ಯಾವ್ ಕಾಲೇಜಲ್ಲಿ ಓದಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಗಳು ತನ್ನ ಮುರುಕು ಕನ್ನಡದಲ್ಲಿ ಉತ್ತರ ಕೊಟ್ಟಳು.

"ಅಮ್ಮಂಗೆ ಆಗ ಒಂದು ಕುದುರೆ ಇತ್ತು ಆಂಟಿ. ಅದು ನಾನು."

ಅವರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಹೌದು ಎಂದು ತಲೆಯಾಡಿಸಿ, ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸಿದೆ.