ವಾಲ್ಯೂಮ್ ಗುಂಡಿಯ ಕೆಂಪು ಚುಕ್ಕೆ

ಉರಿಗಾಂನಲ್ಲಿ ನಮ್ಮ ಪಕ್ಕದ ಮನೆಯಾಕೆ ಫ್ಯಾಕ್ಟರಿ ನೌಕರಿಯವರು. ಅವರ ಹತ್ತಿರ ಒಂದು ಕಂಪ್ಯೂಟರ್ ಇತ್ತು. ಆ ಕಾಲದ್ದು, ಕೀಲಿಮಣೆಯೊಳಗೇ ಎಲ್ಲ ಅಡಗಿದ್ದದ್ದು. ಅದಕ್ಕೆ ಬೇಕಾದ ಟಿವಿ, ಟೇಪ್ ರೆಕಾರ್ಡರ್ ಮಾತ್ರ ನಮ್ಮವು. ಭಾನುವಾರ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಆಟದ ಕ್ಯಾಸೆಟ್ ಹಾಕಿದರೆ ಕಿರ್ರೆಂದು ಸದ್ದು. ಆ ಸದ್ದನ್ನೇ ಕಂಪ್ಯೂಟರ್ ಓದಿಕೊಂಡರೆ ಟಿವಿಯಲ್ಲಿ ಆಟ ಬರುವುದು. ಕೆನ್ನೆಗೆ ಕೈಯಿಟ್ಟು ಕೇಳುತ್ತ, "ತಡೀರಿ, ಇನ್ನೂ ಓದ್ಕೊಂತಾ ಐತೆ" ಎನ್ನುವರು. ಆಟ ಬರುತ್ತದೋ ಇಲ್ಲವೋ, ಸದ್ದಿನಲ್ಲೇ ಅವರಿಗೆ ತಿಳಿಯುತ್ತಿತ್ತು.

"ನಿಂಗೆ ಬರೀ ಗಲಾಟೆ ಕೇಳ್ತದೆ, ಅವ್ರಿಗೆ ಮಾತು ಕೇಳ್ತದೆ ಕಣೆ," ಎಂದರು ನಮ್ಮ ಯಜಮಾನರು, ಅವರ ಮುಂದೆಯೇ. ನನಗೆ ಹೊಟ್ಟೆ ಉರಿಯಿತು.

ಪಕ್ಕದ ಮನೆಯಾಕೆ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಟೇಪಿನ ವಾಲ್ಯೂಮ್ ಚೂರು ಇಳಿಸಿದೆ. ಒಳಗಿಂದಲೇ, "ಇವತ್ತು ಓದ್ಕೊಳ್ಳಲ್ಲ" ಎಂದರು. ಆಟ ಬರಲೇ ಇಲ್ಲ. ಹೊರಬಂದು, ನನ್ನತ್ತ ನೋಡದೆ ಗುಂಡಿಯನ್ನು ಮೊದಲಿನಷ್ಟಕ್ಕೇ ತಿರುಗಿಸಿ, ನನ್ನದೇ ಕೆಂಪು ನೇಲ್‌ಪಾಲಿಶ್ ಕೇಳಿ, ಅಲ್ಲೊಂದು ಚುಕ್ಕೆ ಇಟ್ಟರು.

"ಇಷ್ಟಕ್ಕೇ ಇರ್ಲಿ ಅಕ್ಕಾ. ಇದ್ಕೆ ಸಣ್ಣ ದನಿ ಕೇಳಲ್ಲ."

ಅವರು ವರ್ಗವಾಗಿ ಹೋಗಿ ಎಷ್ಟೋ ವರ್ಷವಾಯಿತು. ಟೇಪ್ ಈಗಲೂ ನಮ್ಮಲ್ಲಿದೆ. ಹಾಡು ಹಾಕುವಾಗ ಚುಕ್ಕೆಗಿಂತ ಚೂರು ಕೆಳಗೇ ಇಡುತ್ತೇನೆ.