ಹಲಗೆಯ ಮೇಲೆ ಚಕ್ಕಳಮಕ್ಕಳ

ಕೋಟಿನ ಗುಂಡಿ ಹುಡುಕಲು ಡ್ರಾಯರಿಗೆ ಕೈ ಹಾಕಿದರೆ ಸಿಕ್ಕಿದ್ದು ನಿಂಬೆಹಣ್ಣಿನ ಗಾತ್ರದ ಜೇನುಮೇಣದ ಉಂಡೆ. ಮೂಸಿ ನೋಡಿದೆ. ನಿಮಗಾದರೆ ಜೇನು ನೆನಪಾಗುತ್ತಿತ್ತೋ ಏನೋ, ನನಗೆ ನೆನಪಾದದ್ದು ನಮ್ಮ ಭಾವ.

ಭಾವ ಎಂದರೆ ಅಕ್ಕನ ಗಂಡ. ಮೈಸೂರಿನವರು, ಈ ಪರದೇಶಕ್ಕೆ ಬಂದು ವಾನ್ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದರು. ಅದು ಮುಚ್ಚಿದ ವರ್ಷ ಬೇಸ್‌ಮೆಂಟಿಗೆ ಇಳಿದವರು ಊಟಕ್ಕೆ ಕರೆದರೆ ಮಾತ್ರ ಮೇಲೆ ಬರುತ್ತಿದ್ದರು. ನೋಡಲಾರದೆ ಅಕ್ಕ ಅವರನ್ನು ಹತ್ತಿರದ ಕ್ಲೈನ್‌ಬರ್ಗಿನ ಬೇಸಿಗೆ ಮೇಳವೊಂದಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಹವ್ಯಾಸಿಗಳ ತಂಡವೊಂದು ನಾನೂರು ವರ್ಷ ಹಿಂದಿನ ಇಂಗ್ಲೆಂಡಿನ ಪೇಟೆಬೀದಿ ಹೂಡುವ ತಯಾರಿಯಲ್ಲಿತ್ತು. ಬ್ರೆಡ್ಡು ಸುಡುವವನು, ಕಮ್ಮಾರ, ಜೋಡು ಹೊಲಿಯುವವನು ಎಲ್ಲ ಸಿಕ್ಕಿದ್ದರು, ದರ್ಜಿ ಸಿಕ್ಕಿರಲಿಲ್ಲ. ಆ ಕಾಲದ ದರ್ಜಿ ಕಿಟಕಿ ಪಕ್ಕದ ಹಲಗೆ ಹತ್ತಿ, ಚಕ್ಕಳಮಕ್ಕಳ ಹಾಕಿ ಕೂತು ದಿನವಿಡೀ ಹೊಲಿಯುತ್ತಿದ್ದನಂತೆ. ಹಾಗೆ ಕೂರಲು ಹೋದವರೆಲ್ಲ ಸೊಂಟ ಹಿಡಿದುಕೊಂಡು ಇಳಿದಿದ್ದರು. ಭಾವ ಸುಮ್ಮನೆ ಹತ್ತಿದರು, ಊಟಕ್ಕೆ ಎಲೆ ಹಾಕುವುದನ್ನು ಕಾಯುವವರ ಹಾಗೆ ಕೂತರು, ಕೂತೇ ಇದ್ದರು. ಕೆಲಸ ಖಾಯಂ ಆಯಿತು.

ಅಂದಿನಿಂದ ನಮಗೆಲ್ಲ ದರ್ಜಿಪುರಾಣ. "ದಾರಕ್ಕೆ ಜೇನುಮೇಣ ಉಜ್ಜದಿದ್ರೆ ಸಿಕ್ಕಾಗುತ್ತೆ ಕಣೋ. ಬೆಳಕು ಎಡಗಡೆಯಿಂದ ಬರ್ಬೇಕು, ಇಲ್ದಿದ್ರೆ ನಿನ್ ಕೈ ನೆರಳೇ ಹೊಲಿಗೆ ಮೇಲೆ ಬೀಳುತ್ತೆ. ಚೂರುಬಟ್ಟೆ ಬಿಸಾಡೋ ಗೂಡಿಗೆ ಆ ಕಾಲದ ದರ್ಜಿಗಳು ನರಕ ಅಂತಿದ್ರು, ಗೊತ್ತಾ?" ನಾನು ಹೂಂ ಎನ್ನುತ್ತಾ ಫೋನು ನೋಡುತ್ತಿದ್ದೆ. ದರ್ಜಿಯ ಹೆಂಡತಿಯ ಪಾತ್ರಕ್ಕೆ ಅಕ್ಕನನ್ನೂ ಕರೆದರು. "ರೀ, ಮನೇಲಿ ನಿಮ್ಮ ಸಾಕ್ಸು ಹೊಲಿದಿದ್ದೇ ಸಾಕು," ಎಂದು ತಪ್ಪಿಸಿಕೊಂಡಳು.

ದರ್ಜಿಯ ಬೆಳಗಿನ ತಿಂಡಿ ಬ್ರೆಡ್ಡು ಮತ್ತು ತೆಳು ಬಿಯರು. ಬಿಯರು ಮುಟ್ಟದ ಭಾವ ಮಣ್ಣಿನ ಮಗ್ಗಿನಲ್ಲಿ ಮಜ್ಜಿಗೆ ಒಯ್ಯುತ್ತಿದ್ದರು. ಒಮ್ಮೆ ಅದರಲ್ಲಿ ಕರಿಬೇವು ತೇಲುವುದನ್ನು ಕಂಡು ಒಬ್ಬ ಅಜ್ಜಿ ಏನಿದು ಎಂದು ಕೇಳಿದರು. ನಮ್ಮ ದರ್ಜಿ ತಲೆ ಎತ್ತದೆ, "ನಮ್ಮೂರಿನ ಔಷಧಿ, ಮೇಡಂ," ಎಂದು ಇಂಗ್ಲಿಷಿನಲ್ಲಿ ಹೇಳಿ ಹೊಲಿಗೆ ಮುಂದುವರಿಸಿದರು. ಎಷ್ಟು ಖುಷಿಯಾಗಿದ್ದರು ಆ ಬೇಸಿಗೆಗಳಲ್ಲಿ!

ಆಮೇಲೆ ಮಂಡಿ ಹೋಯಿತು. ಆಪರೇಷನ್ ಮಾಡಿ ಹೊಸ ಕೀಲು ಹಾಕಬೇಕು, ಮತ್ತೆ ಹಾಗೆ ಕೂರುವಂತಿಲ್ಲ ಎಂದರು ಡಾಕ್ಟರು. ಭಾವ ಒಂದು ಬೇಸಿಗೆ ಮುಂದೂಡಿದರು.

"ಯಾವ ಕಾಲದ್ದೋ ದರ್ಜಿಗೋಸ್ಕರ ಕುಂಟಾಗ್ತೀರಾ?" ಅಕ್ಕ ರೇಗಿದಳು.

"ಇದೊಂದು ಸಮ್ಮರ್ ಕಣೇ."

ಆ ಬೇಸಿಗೆ ನನ್ನ ಹೆಗಲು ಹಿಡಿದೇ ಅವರು ಹಲಗೆಯಿಂದ ಇಳಿಯುತ್ತಿದ್ದದ್ದು. ಹಲ್ಲು ಕಚ್ಚಿ ನೋವು ನುಂಗುವುದು ನನಗೆ ಕಾಣುತ್ತಿತ್ತು. ಕೊನೆಯ ದಿನ ಈ ಉಂಡೆ ನನ್ನ ಕೈಗಿಟ್ಟು, "ನನಗಿನ್ನೇನಕ್ಕೆ, ಇಟ್ಕೋ," ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಈಗ ಆರಾಮಾಗಿ ನಡೆಯುತ್ತಾರೆ, ಆದರೆ ಮತ್ತೆ ಬೇಸ್‌ಮೆಂಟು ಸೇರಿದ್ದಾರೆ. ಮೇಳದ ಮಾತೆತ್ತಿದರೆ ಟೀವಿಯ ಸದ್ದು ಜಾಸ್ತಿ ಮಾಡುತ್ತಾರೆ. ಅಕ್ಕನಿಗೆ ಭಯ. ನನಗೂ.

ಗುಂಡಿ ಸಿಕ್ಕಿತು. ಏನನ್ನಿಸಿತೋ, ಕೋಟು ಹಿಡಿದು ಡೈನಿಂಗ್ ಟೇಬಲ್ ಹತ್ತಿದೆ. ಒಂದು ಕಾಲು ಮಡಚಿತು, ಇನ್ನೊಂದನ್ನು ಕೈಯಿಂದ ಎಳೆದು ತರಬೇಕಾಯಿತು. ಮೇಣ ಉಜ್ಜಿದ್ದು ಜಾಸ್ತಿಯಾಯಿತೋ ಕಡಿಮೆಯಾಯಿತೋ, ದಾರ ಎಳೆದಷ್ಟೂ ಗಂಟು. ಕೊನೆಗೆ ಫೋನು ಮಾಡಿದೆ.

"ಭಾವ, ಗುಂಡಿ ಹಾಕ್ತಿದ್ದೀನಿ. ಬರೀ ಸಿಕ್ಕಾಗ್ತಿದೆ."

"ಎಲ್ಲಿ ಕೂತಿದ್ದೀಯ?"

"ಟೇಬಲ್ ಮೇಲೆ. ಚಕ್ಕಳಮಕ್ಕಳ."

ಆ ಕಡೆ ಟೀವಿಯ ಸದ್ದು ನಿಂತಿತು.

"ಬೆಳಕು ಎಡಗಡೆಯಿಂದ ಬರ್ತಿದೆಯಾ?"

ಬಲಗಡೆಯಿಂದ ಬರುತ್ತಿತ್ತು. ಹೇಳಿದೆ.

"ತಿರುಗಿ ಕೂತ್ಕೋ. ಏನೂ ಮುಟ್ಬೇಡ, ಬಂದೆ," ಎಂದರು. ಫೋನು ಇಡಲು ಮರೆತಿದ್ದರು. ಅವರು ಬೇಸ್‌ಮೆಂಟಿನ ಮೆಟ್ಟಿಲು ಹತ್ತುವುದು ನನಗೆ ಕೇಳಿಸುತ್ತಿತ್ತು.